ಅವರವರ ಶ್ರುತಿ



ಒಬ್ಬರ ಮುಖವಿದ್ದಂತೆ ಇನ್ನೊಬ್ಬರ ಮುಖವಿರುವುದಿಲ್ಲ, ಕಂಠವೂ ಹಾಗೆಯೇ. ಬಾಗಿಲಾಚೆ ನಿಂತು ಯಾರಾದರೂ ಕೂಗಿದರೆ, ಕಣ್ಣಿನಿಂದ ಕಾಣದೆಯೇ ‘ಇವರು ಇಂಥವರು’ ಎಂದು ನಾವು ಗುರುತಿಸುತ್ತೇವೆ. ಆದರೆ ಹಾಡುವ ಮಾತು ಬಂದಾಗ ಮಾತ್ರ ಎಲ್ಲರ ಕಂಠವೂ ಒಂದೇ ತೆರನಾಗಿರಬೇಕೆಂದು ಬಯಸುತ್ತೇವೆ. ಚಲನಚಿತ್ರದ ಗಾಯಕಿಯು ಎಷ್ಟು ಎತ್ತರದಲ್ಲಿ ಹಾಡಿರುವಳೋ ಅಷ್ಟು ಎತ್ತರವನ್ನು ಮುಟ್ಟಿದ ಹುಡುಗಿಯ ದನಿ ಇಂಪು, ಮುಟ್ಟದವಳ ದನಿ ಒರಟು ಎಂದು ತೀರ್ಪು ಕೊಟ್ಟುಬಿಡುತ್ತೇವೆ. ಇಂಥ ತೀರ್ಪನ್ನು ನಾನೂ ಒಮ್ಮೆ ಕೊಟ್ಟಿದ್ದೇನೆ. ಈ ಪಾಠವನ್ನು ಅದರಿಂದಲೇ ಆರಂಭಿಸುವುದು ನ್ಯಾಯ.

ಉತ್ತರ ಕರ್ನಾಟಕದ ಒಂದು ಹಳ್ಳಿಯಿಂದ ಉದ್ಯೋಗವನ್ನರಸಿ ಬಂದು ದೇಹೂ ರೋಡಿನಲ್ಲಿ ನೆಲೆಸಿದ ಮೊದಲ ವರ್ಷಗಳ ಮಾತು. ಆಗ ನಾನು ಪಾಠ ಹೇಳುತ್ತಿದ್ದ ಶಾಲೆಯೊಂದರಲ್ಲಿ ಸ್ನೇಹ ಸಮ್ಮೇಳನದ ಸ್ವಾಗತಗೀತೆಯನ್ನು ಕಲಿಸುವ ಹೊಣೆ ನನ್ನ ಪಾಲಿಗೆ ಬಂದಿತು. ಹಾಡುವವರು ಹನ್ನೊಂದು ಮಂದಿ ಹುಡುಗಿಯರು. ನಾನು ಹಾರ್ಮೋನಿಯಂ ಪೆಟ್ಟಿಗೆಯ ಷಡ್ಜವನ್ನು ಸಾಕಷ್ಟು ಮೇಲಕ್ಕೆ ಹಿಡಿದಿದ್ದೆ. ಹತ್ತು ಮಂದಿ ಹೇಗೋ ಹೊಂದಿಕೊಂಡರು. ಹನ್ನೊಂದನೆಯವಳ ದನಿ ತಗ್ಗಿನದು. ಪಲ್ಲವಿಯ ಎತ್ತರಕ್ಕೆ ಬಂದೊಡನೆ ಅದು ಬಿರಿಯುತ್ತಿತ್ತು. ಎರಡು ದಿನ ನೋಡಿ, ಮೂರನೆಯ ದಿನ ಅವಳಿಗೆ, “ನೀನು ಹಿಂದಿನ ಸಾಲಿನಲ್ಲಿ ನಿಲ್ಲು, ತುಟಿ ಮಾತ್ರ ಆಡಿಸು, ದನಿ ತೆಗೆಯಬೇಡ” ಎಂದೆ. ಅವಳು ಮರುಮಾತಾಡಲಿಲ್ಲ. ಸಮ್ಮೇಳನದ ದಿನ ಹಾಗೆಯೇ ಮಾಡಿದಳು. ಸಭೆಯು ಚಪ್ಪಾಳೆ ತಟ್ಟಿತು, ನನಗೂ ಸಮಾಧಾನವಾಯಿತು. ಮರುವರ್ಷ ಅವಳ ತಂದೆಗೆ ಬೇರೆ ಊರಿಗೆ ವರ್ಗವಾಗಿ, ಆ ಕುಟುಂಬವು ಹೊರಟುಹೋಯಿತು.

ನಾನು ಮಾಡಿದ್ದು ಎಂಥ ತಪ್ಪೆಂಬುದು ಹೊಳೆದದ್ದು ಬಹುಕಾಲದ ಮೇಲೆ, ಒಂದು ರಾತ್ರಿ ಗಂಗೂಬಾಯಿ ಹಾನಗಲ್ಲರ ಧ್ವನಿಮುದ್ರಣವನ್ನು ಮನವಿಟ್ಟು ಕೇಳಿದಾಗ. ಆ ಹುಡುಗಿಗೆ ಹೇಳಲಾರದೆ ಹೋದುದನ್ನು ಇಂದು ನಿಮಗೆ ಹೇಳುತ್ತಿದ್ದೇನೆ.

ಕಂಠವೆಂಬ ವಾದ್ಯ

ಮೊದಲು ಕಂಠದ ಕೆಲಸವನ್ನು ಸ್ವಲ್ಪ ತಿಳಿಯೋಣ. ನಮ್ಮ ಗಂಟಲಿನಲ್ಲಿ ಎರಡು ಮೃದುವಾದ ಮಡಿಕೆಗಳಿವೆ. ಅವುಗಳಿಗೆ ಧ್ವನಿತಂತುಗಳೆಂದು ಹೆಸರು. ಶ್ವಾಸಕೋಶದಿಂದ ಮೇಲೇರುವ ಗಾಳಿಯು ಇವುಗಳ ನಡುವೆ ನುಗ್ಗುವಾಗ ಇವು ಕಂಪಿಸುತ್ತವೆ. ಆ ಕಂಪನವೇ ನಾದ. ಉದ್ದವಾದ, ದಪ್ಪನಾದ ತಂತು ನಿಧಾನವಾಗಿ ಕಂಪಿಸಿ ತಗ್ಗಿನ ದನಿಯನ್ನೂ, ಗಿಡ್ಡಾದ, ತೆಳುವಾದ ತಂತು ವೇಗವಾಗಿ ಕಂಪಿಸಿ ಎತ್ತರದ ದನಿಯನ್ನೂ ಕೊಡುತ್ತವೆ. ಸಾಧಾರಣವಾಗಿ ಮಾತನಾಡುವಾಗ ಪ್ರೌಢ ಪುರುಷರ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 120 ಸಲ ಕಂಪಿಸಿದರೆ, ಸ್ತ್ರೀಯರವು ಸುಮಾರು 200 ಸಲ ಕಂಪಿಸುತ್ತವೆ. ಆದರೆ ಇವು ಸರಾಸರಿಯ ಅಂಕಿಗಳು. ಸ್ತ್ರೀಯರಲ್ಲಿ ತಗ್ಗು ದನಿಯವರೂ, ಪುರುಷರಲ್ಲಿ ಎತ್ತರದ ದನಿಯವರೂ ಸಹಜವಾಗಿಯೇ ಇರುತ್ತಾರೆ. ಅದು ರೋಗವೂ ಅಲ್ಲ, ಕೊರತೆಯೂ ಅಲ್ಲ.

ಪಾಶ್ಚಾತ್ಯ ಸಂಗೀತದವರು ಈ ಭೇದಗಳಿಗೆ ಹೆಸರುಗಳನ್ನಿಟ್ಟಿದ್ದಾರೆ. ಸ್ತ್ರೀಕಂಠಗಳಲ್ಲಿ ಅತ್ಯಂತ ಎತ್ತರದ್ದು ‘ಸೊಪ್ರಾನೊ’. ಇದರ ಹರವು ಸೆಕೆಂಡಿಗೆ ಸುಮಾರು 260 ಕಂಪನಗಳಿಂದ 1050ರವರೆಗೆ. ಅತ್ಯಂತ ತಗ್ಗಿನದು ‘ಕಾಂಟ್ರಾಲ್ಟೊ’. ಇದರ ಹರವು ಸುಮಾರು 175ರಿಂದ 700ರವರೆಗೆ. ಅಲ್ಲಿ ಪ್ರತಿಯೊಂದು ಸ್ವರದ ಎತ್ತರವನ್ನೂ ರಚನಕಾರನು ಕಾಗದದ ಮೇಲೆ ಗೊತ್ತುಮಾಡಿರುತ್ತಾನೆ. ಆದುದರಿಂದ ಯಾವ ಕಂಠಕ್ಕೆ ಯಾವ ಹಾಡು ಎಂಬುದೂ ಬಹುಮಟ್ಟಿಗೆ ಮೊದಲೇ ಗೊತ್ತಾಗಿರುತ್ತದೆ.

ನಮ್ಮ ಪದ್ಧತಿ ಬೇರೆ. ನಮ್ಮಲ್ಲಿ ಷಡ್ಜಕ್ಕೆ ಕಟ್ಟಿಟ್ಟ ಎತ್ತರವಿಲ್ಲ. ಹಾಡುವವರು ತಮ್ಮ ಕಂಠವು ಮಂದ್ರಕ್ಕೆ ಇಳಿಯಲು, ತಾರಕ್ಕೆ ಏರಲು ಎಲ್ಲಿ ಅನುಕೂಲವೋ ಅಲ್ಲಿ ಷಡ್ಜವನ್ನು ನಿಲ್ಲಿಸಿಕೊಂಡು, ಅದಕ್ಕೆ ತಂಬೂರಿಯನ್ನು ಕೂಡಿಸಿಕೊಳ್ಳುತ್ತಾರೆ. ಇದನ್ನೇ ‘ಅವರವರ ಶ್ರುತಿ’ ಎನ್ನುವುದು. ಕಂಠಕ್ಕಾಗಿ ತಂಬೂರಿಯೇ ಹೊರತು ತಂಬೂರಿಗಾಗಿ ಕಂಠವಲ್ಲ. ಈ ಸಣ್ಣ ನಿಯಮವನ್ನು ಮರೆತಿದ್ದರಿಂದಲೇ ನಾನು ಪೆಟ್ಟಿಗೆಯ ತಪ್ಪನ್ನು ಹುಡುಗಿಯ ತಪ್ಪೆಂದು ಬಗೆದೆ.

ಧಾರವಾಡದ ಬಾಲಕಿ

ಗಂಗೂಬಾಯಿಯವರು ಜನಿಸಿದ್ದು 1913ನೆಯ ಇಸವಿ ಮಾರ್ಚ್ 5ರಂದು, ಧಾರವಾಡದಲ್ಲಿ. ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದ ಗಾಯಕಿ. ಮನೆಯಲ್ಲಿ ತಾಯಿಯ ಹಾಡು, ಬೀದಿಯಲ್ಲಿ ಗ್ರಾಮಫೋನು. ಗ್ರಾಮಫೋನಿನ ದನಿ ಕೇಳಿದರೆ ಬಾಲಕಿಯು ಆಟ ಬಿಟ್ಟು ಓಡುತ್ತಿದ್ದಳು. ಅದರಿಂದ ಹೊಮ್ಮುತ್ತಿದ್ದುದು ಹಿಂದುಸ್ತಾನಿ ಸಂಗೀತ. ಮಗಳ ಒಲವು ಆ ಕಡೆಗಿದೆಯೆಂದು ಅರಿತ ತಾಯಿ, ತನ್ನ ಪದ್ಧತಿಯ ಛಾಯೆ ಮಗಳ ಕಲಿಕೆಯ ಮೇಲೆ ಬೀಳಬಾರದೆಂದು ತಾನು ಹಾಡುವುದನ್ನೇ ನಿಲ್ಲಿಸಿದರು. ತನ್ನ ವಿದ್ಯೆಯನ್ನು ಮಕ್ಕಳಿಗೆ ಕೊಡುವ ತಾಯಂದಿರು ಬಹಳ. ಮಕ್ಕಳ ವಿದ್ಯೆಗಾಗಿ ತನ್ನದನ್ನು ಬದಿಗಿಡುವವರು ವಿರಳ.

ಅಂದಿನ ಸಮಾಜವು ಹಾಡುವ ಹೆಣ್ಣುಮಕ್ಕಳ ಮನೆತನವನ್ನು ಗೌರವದಿಂದ ಕಾಣುತ್ತಿರಲಿಲ್ಲ. ಹಾಡು ಬೇಕು, ಹಾಡುವವಳು ಹೊರಗೆ ಎಂಬ ನಡವಳಿಕೆ. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ, ಹನ್ನೊಂದು ವರ್ಷದ ಗಂಗೂಬಾಯಿಯವರಿಗೆ ಅಲ್ಲಿ ಹಾಡುವ ಭಾಗ್ಯ ದೊರೆಯಿತು. ಆದರೆ ಊಟದ ಹೊತ್ತಿಗೆ ಜಾತಿಯ ಕಾರಣದಿಂದ ತನಗೆ ಏನಾದರೂ ಅವಮಾನವಾದೀತೇ ಎಂಬ ಅಂಜಿಕೆ ಆ ಬಾಲಹೃದಯವನ್ನು ಕಾಡುತ್ತಿದ್ದಿತೆಂದು ಮುಂದೆ ಅವರು ನೆನೆದಿದ್ದಾರೆ. ಹಾಡಲು ಕರೆದವರ ಮನೆಯಲ್ಲಿಯೇ ಉಣ್ಣಲು ಅಂಜಬೇಕಾದ ಕಾಲವದು.

ಕುಂದಗೋಳದ ರೈಲು

ಮಗಳ ಶಿಕ್ಷಣಕ್ಕಾಗಿ ಕುಟುಂಬವು 1928ರಲ್ಲಿ ಹುಬ್ಬಳ್ಳಿಗೆ ಬಂದಿತು. ಅಲ್ಲಿ ಮೊದಲು ಕೃಷ್ಣಾಚಾರ್ಯ ಹುಲಗೂರರಲ್ಲಿ, ಬಳಿಕ ದತ್ತೋಪಂತ ದೇಸಾಯರಲ್ಲಿ ಪಾಠವಾಯಿತು. ಹದಿನಾರನೆಯ ವಯಸ್ಸಿನಲ್ಲಿ ವಕೀಲರಾದ ಗುರುರಾವ ಕೌಲಗಿಯವರೊಡನೆ ವಿವಾಹ; 1932ರಲ್ಲಿ ತಾಯಿಯ ಮರಣ; ಬೆನ್ನಿಗೆ ಮಕ್ಕಳ ಪಾಲನೆ, ಸಂಸಾರದ ಭಾರ. ಇವುಗಳ ನಡುವೆಯೇ ಅವರಿಗೆ ದೊರೆತ ಮಹಾಗುರು ಸವಾಯಿ ಗಂಧರ್ವರು.

ಸವಾಯಿ ಗಂಧರ್ವರ ನಿಜನಾಮ ರಾಮಭಾವು ಕುಂದಗೋಳಕರ. 1886ರಲ್ಲಿ ಜನಿಸಿದ ಇವರು ಕಿರಾನಾ ಘರಾಣೆಯ ಉಸ್ತಾದ ಅಬ್ದುಲ್ ಕರೀಂ ಖಾನರ ಶಿಷ್ಯರು. ನಮ್ಮ ಪಾಠಕ್ಕೆ ಬೇಕಾದ ಸಂಗತಿಯೊಂದು ಇವರ ಜೀವನದಲ್ಲಿಯೂ ಇದೆ. ಬಾಲ್ಯದಲ್ಲಿ ಮಧುರವಾಗಿದ್ದ ಇವರ ಕಂಠವು ಪ್ರಾಯ ಬರುತ್ತಲೇ ಒಡೆದು ಭಾರವಾಯಿತು. ಸುಲಭವಾಗಿ ಹರಿಯದ ಆ ಕಂಠವನ್ನು ಇವರು ದುಡಿದು ದುಡಿದು ಪಳಗಿಸಿಕೊಂಡರು. ಆಮೇಲೆ ಮರಾಠಿ ರಂಗಭೂಮಿಯ ಮೇಲೆ ಸ್ತ್ರೀಪಾತ್ರಗಳಲ್ಲಿ ಹಾಡಿ ‘ಸವಾಯಿ ಗಂಧರ್ವ’ ಎಂಬ ಬಿರುದನ್ನು ಪಡೆದರು. ಹದಿಮೂರು-ಹದಿನಾಲ್ಕರ ವಯಸ್ಸಿನ ಹುಡುಗರೇ, ದನಿ ಒಡೆಯಿತೆಂದು ಪ್ರಾರ್ಥನೆಯ ಹೊತ್ತಿಗೆ ಬಾಯಿ ಬಿಗಿದು ನಿಲ್ಲುವವರು ಇದನ್ನು ಗಮನಿಸಿರಿ. ಆ ವಯಸ್ಸಿನಲ್ಲಿ ನಿಮ್ಮ ಧ್ವನಿತಂತುಗಳು ಉದ್ದವಾಗಿ ಬೆಳೆಯುತ್ತವೆ. ದನಿಯು ಹೆಚ್ಚುಕಡಿಮೆ ಒಂದು ಸಪ್ತಕದಷ್ಟು ಕೆಳಗಿಳಿಯುತ್ತದೆ. ಹಳೆಯ ದನಿ ಹೋಯಿತೆಂದು ದುಃಖಿಸಬೇಕಾಗಿಲ್ಲ. ಹೊಸ ದನಿಗೆ ಹೊಸ ಶ್ರುತಿಯನ್ನು ಹುಡುಕಿದರಾಯಿತು.

ಗಂಗೂಬಾಯಿಯವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಗುರುಗಳಲ್ಲಿ ಪಾಠ ಹೇಳಿಸಿಕೊಂಡು ಮರಳುತ್ತಿದ್ದರು. ದೇಹೂ ರೋಡಿನಿಂದ ಪುಣೆಗೆ ದಿನವೂ ಲೋಕಲ್ ಗಾಡಿ ಹಿಡಿಯುವ ನಮಗೆ ರೈಲಿನ ಪಯಣವೇನೂ ದೊಡ್ಡದಾಗಿ ತೋರದು. ಆದರೆ ಮನೆಯಲ್ಲಿ ಚಿಕ್ಕ ಮಕ್ಕಳನ್ನು ಬಿಟ್ಟು, ಊರವರ ಮಾತನ್ನು ಕಿವಿಗೆ ಹಾಕಿಕೊಳ್ಳದೆ, ಒಂದು ರಾಗದ ನಾಲ್ಕು ಸ್ವರಗಳಿಗಾಗಿ ಅಂದಿನ ಕಾಲದಲ್ಲಿ ಹೆಣ್ಣುಮಗಳೊಬ್ಬಳು ಆ ಪಯಣ ಮಾಡುವುದೆಂದರೆ ಎಂಥ ಎದೆಗಾರಿಕೆ ಬೇಕು! ಅದೇ ಗುರುಗೃಹದಲ್ಲಿದ್ದುಕೊಂಡು ಕಲಿಯುತ್ತಿದ್ದ ಇನ್ನೊಬ್ಬ ಶಿಷ್ಯನೆಂದರೆ, ಮುಂದೆ ಪುಣೆಯವರೇ ಆಗಿಬಿಟ್ಟ ಭೀಮಸೇನ ಜೋಶಿಯವರು.

ಗುರುಗಳು ಒಂದೇ ಸ್ವರಗುಚ್ಛವನ್ನು ಬಹುಕಾಲ ತಿದ್ದಿಸುತ್ತಿದ್ದರು. ಜಿಪುಣನು ಹಣವನ್ನು ಎಣಿಸಿ ಎಣಿಸಿ ವ್ಯಯಮಾಡುವಂತೆ ಹಾಡುವವರು ಸ್ವರವನ್ನು ವ್ಯಯಮಾಡಬೇಕೆಂಬುದು ಅವರ ಬೋಧೆ. ಗಂಗೂಬಾಯಿಯವರು ಈ ಬೋಧೆಯನ್ನು ಕಡೆಯವರೆಗೂ ನೆನೆಯುತ್ತಿದ್ದರು.

ಕಂಠ ಬದಲಾಯಿತು

ಮೂವತ್ತರ ದಶಕದಲ್ಲಿ ಅವರ ಹಾಡುಗಳು ಮುಂಬೈಯಲ್ಲಿ ಗ್ರಾಮಫೋನ್ ತಟ್ಟೆಗಳ ಮೇಲೆ ಮುದ್ರಿತವಾದವು. ಆ ತಟ್ಟೆಗಳ ಮೇಲಿದ್ದ ಹೆಸರು ‘ಗಾಂಧಾರಿ ಹಾನಗಲ್’. ಅವುಗಳಲ್ಲಿ ಕೇಳಿಬರುವುದು ತೆಳುವಾದ, ಎತ್ತರಕ್ಕೆ ಹಾರುವ ಎಳೆಯ ಕಂಠ. ಕಾಲಕ್ಕೆ ಮೆಚ್ಚುಗೆಯಾಗುವಂಥದು. ಅವರದೇ ಘರಾಣೆಯ ಹೀರಾಬಾಯಿ ಬಡೋದೇಕರ್ ಅವರು ಅಂಥ ನವುರಾದ, ಎತ್ತರದ ಕಂಠದಿಂದಲೇ ನಾಡಿನಲ್ಲೆಲ್ಲ ಹೆಸರಾಗಿದ್ದರು. ಅಬ್ದುಲ್ ಕರೀಂ ಖಾನರ ಮಗಳಾದ ಈ ಹೀರಾಬಾಯಿಯವರು ನೆಲೆಸಿದ್ದು ನಮ್ಮ ಪುಣೆಯಲ್ಲಿಯೇ.

ಇಂಥ ಹೊತ್ತಿನಲ್ಲಿ ಗಂಗೂಬಾಯಿಯವರಿಗೆ ಗಂಟಲಿನ ಬೇನೆಯುಂಟಾಯಿತು. ಟಾನ್ಸಿಲ್‌ಗಳಿಗೆ ಚಿಕಿತ್ಸೆಯಾಯಿತು. ಬೇನೆ ಗುಣವಾಯಿತು, ಆದರೆ ಮೊದಲಿನ ದನಿ ಮರಳಲಿಲ್ಲ. ಅದು ಕೆಳಗಿಳಿದು, ಅಗಲವಾಗಿ, ಗಡುಸಾಯಿತು. ಹಾಡುವವರನ್ನು ಕಾಣದೆ ಅವರ ನಂತರದ ಮುದ್ರಣಗಳನ್ನು ಕೇಳಿದವರಿಗೆ ಇದು ಗಂಡಿನ ಕಂಠವೋ ಹೆಣ್ಣಿನ ಕಂಠವೋ ಎಂದು ಒಡನೆ ಹೇಳಲಾಗದು. ಕಂಠವೇ ಜೀವನಾಧಾರವಾದವರಿಗೆ ಇದು ಎಂಥ ಆಘಾತವೆಂಬುದನ್ನು ನೀವು ಊಹಿಸಬಲ್ಲಿರಿ. ನನ್ನಂಥ ಮೇಷ್ಟರ ಕೈಗೆ ಅವರು ಸಿಕ್ಕಿದ್ದರೆ, ‘ಹಿಂದಿನ ಸಾಲಿನಲ್ಲಿ ನಿಲ್ಲಿರಿ’ ಎಂಬ ಅಪ್ಪಣೆಯಾಗುತ್ತಿತ್ತೇನೋ!

ಅವರು ಮಾಡಿದ್ದೇನು? ಹೋದ ದನಿಯನ್ನು ಹಿಂದಕ್ಕೆ ಕರೆಯಲು ಹೆಣಗಲಿಲ್ಲ. ಮೇಲಿನ ಸ್ವರಗಳನ್ನು ಕಿರುಚಿ ಮುಟ್ಟಲು ಹೋಗಲಿಲ್ಲ. ಹೊಸ ಕಂಠ ಎಲ್ಲಿ ನಿಲ್ಲುವುದೋ ಅಲ್ಲಿಗೆ ತಂಬೂರಿಯನ್ನು ಇಳಿಸಿದರು. ಆ ತಗ್ಗಿನ ಷಡ್ಜದ ಮೇಲೆ ರಾಗವನ್ನು ಹೊಸದಾಗಿ ಕಟ್ಟತೊಡಗಿದರು. ಎರಡನೆಯದಾಗಿ, ಆ ಕಂಠಕ್ಕೆ ತಕ್ಕ ಸಂಗೀತವನ್ನೇ ಆರಿಸಿಕೊಂಡರು. ಮೊದಮೊದಲು ಭಜನೆ, ಠುಮರಿಗಳನ್ನು ಹಾಡುತ್ತಿದ್ದವರು ಕ್ರಮೇಣ ಅವನ್ನು ಬಿಟ್ಟು, ಶುದ್ಧ ಖಯಾಲ್ ಒಂದನ್ನೇ ತಮ್ಮ ದಾರಿಯಾಗಿ ಹಿಡಿದರು.

ಖಯಾಲ್ ಎಂಬುದು ಹಳೆಯ ಗಾಯನಪ್ರಕಾರ. ದೆಹಲಿಯಲ್ಲಿ ಮುಹಮ್ಮದ್ ಶಹನು ಆಳುತ್ತಿದ್ದ ಹದಿನೆಂಟನೆಯ ಶತಮಾನದ ಪೂರ್ವಾರ್ಧದಲ್ಲಿ, ಸದಾರಂಗನೆಂದು ಹೆಸರಾದ ನಿಯಾಮತ್ ಖಾನನ ಕೈಯಲ್ಲಿ ಇದಕ್ಕೆ ವಿಶೇಷ ಮನ್ನಣೆ ಬಂದಿತು. ಕಿರಾನಾ ಪದ್ಧತಿಯಲ್ಲಿ ಇದನ್ನು ಅತಿ ವಿಲಂಬಿತವಾಗಿ ಹಾಡುತ್ತಾರೆ. ಹನ್ನೆರಡು ಮಾತ್ರೆಗಳ ಏಕತಾಲದ ಒಂದು ಆವರ್ತನಕ್ಕೆ ಮುಕ್ಕಾಲು ನಿಮಿಷದಿಂದ ಒಂದು ನಿಮಿಷದವರೆಗೂ ಹಿಡಿಯುವುದುಂಟು. ಇಲ್ಲಿ ಓಡುವ ಆತುರವಿಲ್ಲ. ಒಂದೊಂದು ಸ್ವರದ ಮೇಲೂ ನಿಲ್ಲಬೇಕು, ನಿಂತು ಅದನ್ನು ತುಂಬಬೇಕು. ಹೀಗೆ ನಿಲ್ಲಲು ಭಾರವಾದ ಕಂಠಕ್ಕಿಂತ ಒಳ್ಳೆಯ ಸಾಧನ ಬೇರೆ ಯಾವುದಿದೆ? ಯಾವುದನ್ನು ಜನರು ಗಡಸೆಂದರೋ ಅದೇ ಗಾಂಭೀರ್ಯವಾಯಿತು.

ದೂರದೇಶದ ಒಂದು ಉದಾಹರಣೆ

ಕಂಠಕ್ಕೆ ತಕ್ಕ ಸಂಗೀತ ದೊರೆಯಬೇಕೆಂಬ ಈ ಮಾತು ನಮ್ಮ ದೇಶಕ್ಕೆ ಮಾತ್ರ ಸಲ್ಲುವುದಲ್ಲ. ಇಂಗ್ಲೆಂಡಿನಲ್ಲಿ 1949ರಲ್ಲಿ ಜನಿಸಿದ ಎಮ್ಮಾ ಕರ್ಕ್‌ಬಿ ಎಂಬವರು ಆಕ್ಸ್‌ಫರ್ಡಿನಲ್ಲಿ ಗ್ರೀಕ್, ಲ್ಯಾಟಿನ್ ವಾಙ್ಮಯಗಳನ್ನು ಓದಿ ಶಾಲಾಶಿಕ್ಷಕಿಯಾದವರು. ಹಾಡನ್ನೇ ವೃತ್ತಿಯಾಗಿ ಹಿಡಿಯುವ ಸಂಕಲ್ಪ ಅವರಿಗಿರಲಿಲ್ಲ. ಅವರದು ಸೊಪ್ರಾನೊ ಕಂಠ. ಆದರೆ ದೊಡ್ಡ ಗೀತನಾಟಕ ಗೃಹಗಳಲ್ಲಿ ಹತ್ತಾರು ವಾದ್ಯಗಳ ಅಬ್ಬರವನ್ನು ಮೀರಿ ಮೊಳಗುವಂಥದಲ್ಲ. ತೆಳುವಾದ, ನೇರವಾದ, ತಿಳಿನೀರಿನಂಥ ಕಂಠ.

ಅದೇ ಕಾಲದಲ್ಲಿ ಅಲ್ಲಿ ಕೆಲವರು ಮುನ್ನೂರು, ನಾನೂರು ವರ್ಷಗಳ ಹಿಂದಿನ ಸಂಗೀತವನ್ನು ಅಂದಿನ ಬಗೆಯ ವಾದ್ಯಗಳೊಡನೆ, ಅಂದಿನ ರೀತಿಯಲ್ಲಿಯೇ ಹಾಡಬೇಕೆಂದು ಹೊರಟಿದ್ದರು. ನಮ್ಮಲ್ಲಿ ಹಳೆಯ ವಿದ್ಯೆ ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಎಡೆಬಿಡದೆ ಬಂದಿದೆ. ಅಲ್ಲಿ ಆ ಎಳೆ ನಡುವೆ ಕಡಿದಿದ್ದಿತು. ಹಸ್ತಪ್ರತಿಗಳನ್ನೂ ಹಳೆಯ ವಾದ್ಯಗಳನ್ನೂ ಪರಿಶೋಧಿಸಿ ಪುನಃ ಹೊಸೆಯಬೇಕಾಗಿತ್ತು. ಆ ಸಂಗೀತಕ್ಕೆ ಬೇಕಾಗಿದ್ದುದು ಕರ್ಕ್‌ಬಿಯವರದೇ ಕಂಠ. 1971ರಲ್ಲಿ ಅವರು ಅಂಥದೊಂದು ವೃಂದವನ್ನು ಸೇರಿದರು. ಸಣ್ಣ ತಂತಿವಾದ್ಯದ ಜೊತೆಗೆ ಹಾಡುವ ಜಾನ್ ಡೌಲೆಂಡನ ಗೀತೆಗಳಿಂದ ಹಿಡಿದು ಹ್ಯಾಂಡಲನ ‘ಮೆಸ್ಸಾಯ’ದವರೆಗೆ ಅನೇಕ ಕೃತಿಗಳನ್ನು ಧ್ವನಿಮುದ್ರಿಸಿ ಲೋಕವಿಖ್ಯಾತರಾದರು. 2007ರಲ್ಲಿ ಬ್ರಿಟಿಷ್ ಸರಕಾರವು ‘ಡೇಮ್’ ಪದವಿಯನ್ನಿತ್ತು ಗೌರವಿಸಿತು. ‘ಮೆಸ್ಸಾಯ’ವು ಮೊದಲು ಹಾಡಲ್ಪಟ್ಟದ್ದು 1742ರಲ್ಲಿ, ಮುಹಮ್ಮದ್ ಶಹನ ದೆಹಲಿಯ ಕಾಲವೂ ಅದೇ ಎಂಬುದನ್ನು ನೀವು ಲಕ್ಷಿಸಬೇಕು.

ಒಬ್ಬರ ಕಂಠ ಅತಿ ತೆಳು, ಇನ್ನೊಬ್ಬರದು ಅತಿ ಭಾರ. ಒಂದು ಸಂತೆಯ ತಕ್ಕಡಿಯಲ್ಲಿ ತೂಗಿದರೆ ಎರಡೂ ಕೊರತೆಯೇ. ಆದರೆ ತಮಗೆ ತಕ್ಕ ಹಳೆಯ ಸಂಗೀತದಲ್ಲಿ ಎರಡೂ ಬೆಲೆಬಾಳಿದವು.

ತಾಯಿ-ಮಗಳ ಜೋಡಿ

ಗಂಗೂಬಾಯಿಯವರ ಕಚೇರಿಗಳಲ್ಲಿ ಹಿಂದೆ ಕುಳಿತು ದನಿಗೂಡಿಸುತ್ತಿದ್ದವರು ಅವರ ಮಗಳು ಕೃಷ್ಣಾ. ಮಗಳದು ಎತ್ತರಕ್ಕೆ ಏರುವ ಸ್ವಚ್ಛವಾದ ಕಂಠ. ತಾಯಿಯು ಕೆಳಗೆ ಅಡಿಪಾಯವನ್ನು ಹಾಕಿದರೆ ಮಗಳು ಮೇಲೆ ಗೋಪುರವನ್ನೆತ್ತುತ್ತಿದ್ದಳು. ತಗ್ಗಿನ ದನಿಗೆ ಎತ್ತರದ ದನಿ ವೈರಿಯಲ್ಲ, ಜೊತೆ ಎಂಬುದನ್ನು ಆ ಜೋಡಿಯಿಂದ ಕಲಿಯಬೇಕು.

ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಅವರ ಸ್ಮರಣೆಗಾಗಿ 1953ರಿಂದ ಪುಣೆಯಲ್ಲಿ ಸಂಗೀತೋತ್ಸವವು ಆರಂಭವಾಯಿತು. ಭೀಮಸೇನರು ಮುಂದೆ ನಿಂತು ಬೆಳೆಸಿದ ಆ ಉತ್ಸವದಲ್ಲಿ ಗಂಗೂಬಾಯಿಯವರು ಹುಬ್ಬಳ್ಳಿಯಿಂದ ಬಂದು ಹಲವು ಸಲ ಹಾಡಿ ಗುರುವಿನ ಋಣವನ್ನು ಸಲ್ಲಿಸಿದರು. 1971ರಲ್ಲಿ ಪದ್ಮಭೂಷಣ, 1973ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 2002ರಲ್ಲಿ ಪದ್ಮವಿಭೂಷಣ ಪ್ರಾಪ್ತವಾದವು. ಊಟದ ಪಂಕ್ತಿಗೆ ಅಂಜಿದ ಬಾಲಕಿಯ ಹೆಸರನ್ನು ಇಂದು ಮೈಸೂರಿನ ಸಂಗೀತ ವಿಶ್ವವಿದ್ಯಾಲಯವು ಹೊತ್ತಿದೆ.

ಕಷ್ಟಗಳು ಕಡೆಯವರೆಗೂ ಬಿಡಲಿಲ್ಲ. ತೊಂಬತ್ತರ ವಯಸ್ಸಿನಲ್ಲಿ ಕ್ಯಾನ್ಸರ್ ಬೇನೆಯನ್ನು ಎದುರಿಸಿ ಗೆದ್ದರು. ಮರುವರ್ಷವೇ, 2004ರಲ್ಲಿ, ಜೊತೆಗಾತಿಯಾದ ಮಗಳು ಕೃಷ್ಣಾ ಅದೇ ರೋಗದಿಂದ ತೀರಿಕೊಂಡರು. ಆದರೂ 2006ರಲ್ಲಿ ತಮ್ಮ ಸಂಗೀತಜೀವನದ ಎಪ್ಪತ್ತೈದು ವರ್ಷಗಳ ನೆನಪಿಗಾಗಿ ಕಡೆಯ ಕಚೇರಿಯನ್ನು ಹಾಡಿದರು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ದೇಹಬಿಟ್ಟರು. ಕಣ್ಣುಗಳನ್ನು ದಾನಮಾಡಲಾಯಿತು.

ಕಡೆಯ ಮಾತು

ನಮ್ಮ ದೇಹೂ ರೋಡಿಗೆ ಸಮೀಪದಲ್ಲಿಯೇ ತುಕಾರಾಮರ ದೇಹೂ ಇದೆ. ಪ್ರತಿವರ್ಷ ಅಲ್ಲಿಂದ ಪಂಢರಪುರಕ್ಕೆ ಪಾಲಖಿ ಹೊರಡುವಾಗ ಸಾವಿರಾರು ಜನ ಅಭಂಗಗಳನ್ನು ಹಾಡುತ್ತ ನಡೆಯುವುದನ್ನು ನೀವೂ ಕಂಡಿರುವಿರಿ. ಮುದುಕರ ನಡುಗುವ ದನಿ, ಹೊಲದಲ್ಲಿ ದುಡಿದ ಹೆಂಗಸರ ಗಟ್ಟಿ ದನಿ, ಮಕ್ಕಳ ಕೀರಲು ದನಿ ಎಲ್ಲವೂ ಅಲ್ಲುಂಟು. ‘ನೀನು ತುಟಿ ಮಾತ್ರ ಆಡಿಸು’ ಎಂದು ಅಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ. ಅದನ್ನು ಪ್ರತಿವರ್ಷ ಕಂಡೂ ನನಗೆ ಬುದ್ಧಿ ಬರಲಿಲ್ಲವಲ್ಲ ಎಂದು ನಾಚಿಕೆಯಾಗುತ್ತದೆ.

ಈಗ ಹಾಡು ಕಲಿಸುವ ಮೊದಲು ನಾನು ಪೆಟ್ಟಿಗೆಯನ್ನು ಮುಟ್ಟುವುದಿಲ್ಲ. ಪ್ರತಿಯೊಬ್ಬರಿಂದಲೂ ಅವರಿಗೆ ಸುಖವಾದ ಎತ್ತರದಲ್ಲಿ ‘ಸಾ’ ಎನ್ನಿಸಿ ಕೇಳುತ್ತೇನೆ. ಬಳಿಕ ಹೆಚ್ಚಿನವರಿಗೆ ಸರಿಹೋಗುವಂತೆ ಶ್ರುತಿಯನ್ನು ಇಳಿಸುತ್ತೇನೆ. ಅದಕ್ಕೂ ಹೊಂದದವರಿಗೆ ಕೆಳಗಿನ ಸಪ್ತಕದ ಸಾಲನ್ನು ಕೊಡುತ್ತೇನೆ. ಹಾಡು ಕೆಟ್ಟಿಲ್ಲ; ಮೊದಲಿಗಿಂತ ತುಂಬಿಕೊಂಡಿದೆ.

ನೀವು ಮನೆಯಲ್ಲಿ ಎರಡು ಕೆಲಸಗಳನ್ನು ಮಾಡಿರಿ. ‘ಗಾಂಧಾರಿ ಹಾನಗಲ್’ ಎಂಬ ಹೆಸರಿನ ಹಳೆಯ ಮುದ್ರಣವೊಂದನ್ನೂ, ಗಂಗೂಬಾಯಿಯವರ ಇಳಿವಯಸ್ಸಿನ ಮುದ್ರಣವೊಂದನ್ನೂ ಹುಡುಕಿ ಒಂದಾದ ಮೇಲೊಂದು ಕೇಳಿರಿ. ಅನಂತರ, ಇಂದು ಮೊಬೈಲಿನಲ್ಲಿಯೇ ತಂಬೂರಿಯ ನಾದವು ಸಿಗುವುದರಿಂದ, ಅದನ್ನು ಮೇಲೆ ಕೆಳಗೆ ಮಾಡಿ ನಿಮ್ಮ ದನಿ ಎಲ್ಲಿ ಆಯಾಸವಿಲ್ಲದೆ ನಿಲ್ಲುವುದೋ ನೋಡಿಕೊಳ್ಳಿರಿ. ಅದು ನಿಮ್ಮ ಶ್ರುತಿ. ಅದು ಗೆಳತಿಯ ಶ್ರುತಿಗಿಂತ ಕೆಳಗಿದ್ದರೆ ಕೆಳಗಿರಲಿ.

ಆ ಹನ್ನೊಂದನೆಯ ಹುಡುಗಿ ಈಗ ಎಲ್ಲಿರುವಳೋ ನಾನರಿಯೆ. ಎಲ್ಲಿದ್ದರೂ ಅವಳು ಹಾಡುತ್ತಿರಲಿ. ದನಿ ತೆಗೆದು ಹಾಡುತ್ತಿರಲಿ.